ಬೊಂಬೆ ಎಷ್ಟಿವೆ ಅಂತ ಮೊದಲು ಕೇಳಿ

ಮಳೆಗಾಲ ಶುರುವಾದರೆ ತರಬೇತಿ ಕೊಡುವ ನನಗೆ ಒಂದೇ ಪ್ರಶ್ನೆ ಹೊತ್ತ ಫೋನುಗಳು ಬರುತ್ತವೆ: "ಸರ್, ಅನಾಹುತ ಆದ್ರೆ ಬದುಕಿ ಉಳಿಯೋ ಕೋರ್ಸ್ ಎಲ್ಲಿ ಸಿಗತ್ತೆ?" ಹೋದ ವಾರ ಕೇಳಿದ ಹುಡುಗನಿಗೆ ಕಾಡಿನಲ್ಲಿ ಕಲ್ಲು ಕುಟ್ಟಿ ಬೆಂಕಿ ಹಚ್ಚುವುದನ್ನು ಕಲಿಯುವ ಆಸೆ. ಮನೆ ಎಲ್ಲಿ ಅಂದೆ. ಬೆಳ್ಳಂದೂರು, ಹನ್ನೊಂದನೇ ಮಹಡಿ. ಹಚ್ಚುವುದು ಆಮೇಲಾಗಲಿ, ಆರಿಸುವುದನ್ನು ಮೊದಲು ಕಲಿಯಿರಿ ಅಂದೆ.

ನಮ್ಮ ಬೆಂಗಳೂರಿನ ಅನಾಹುತದಲ್ಲಿ ಹೊಗೆ ಇರುತ್ತದೆ, ಇಲ್ಲವೇ ನೀರು. 2010ರ ಫೆಬ್ರುವರಿಯಲ್ಲಿ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಜಿಗಿದವರೂ ಅವರಲ್ಲಿದ್ದರು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ತೀರಿಕೊಂಡಳು. ಹೊರಗಿನ ನೀರು ಒತ್ತುತ್ತಿದ್ದರೆ ಕಾರಿನ ಬಾಗಿಲು ತೆರೆಯುವುದಿಲ್ಲ. ಮೊದಲೇ ಕಿಟಕಿ ಇಳಿಸಬೇಕು. ತರಬೇತಿಯಲ್ಲಿ ಇಂಥವು ಬರದಿದ್ದರೆ ಪಿಕ್ನಿಕ್‌ಗೆ ಹೋಗಿಬಂದ ಹಾಗೆ.

ಪ್ರಥಮ ಚಿಕಿತ್ಸೆಗೆ ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ ಇದೆ, ರೆಡ್ ಕ್ರಾಸ್ ಇದೆ. ಬೆಂಕಿಯ ವಿಷಯಕ್ಕೆ ಬನ್ನೇರುಘಟ್ಟ ರಸ್ತೆಯಲ್ಲಿ ಅಗ್ನಿಶಾಮಕ ಇಲಾಖೆಯ ಆರ್.ಎ. ಮುಂಡ್ಕೂರ್ ಅಕಾಡೆಮಿ ಇದೆ. ಅಪಾರ್ಟ್‌ಮೆಂಟ್ ಸಂಘದವರಾದರೆ ಹತ್ತಿರದ ಅಗ್ನಿಶಾಮಕ ಠಾಣೆಗೆ ಒಂದು ಪತ್ರ ಕೊಟ್ಟು ಪ್ರಾತ್ಯಕ್ಷಿಕೆ ಕೇಳಿ. ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹ. ಆಗ ಅವರೇ ಊರೆಲ್ಲ ಸುತ್ತುತ್ತಿರುತ್ತಾರೆ. ಹೆಚ್ಚು ಸಮಯ ಕೊಡಬಲ್ಲವರು ಪೌರರಕ್ಷಣಾ ದಳಕ್ಕೆ ಸ್ವಯಂಸೇವಕರಾಗಬಹುದು. ಅನಾಹುತದಲ್ಲಿ ನೆರವಾಗುವ ಸ್ವಯಂಸೇವಕರನ್ನು ತಯಾರು ಮಾಡುವ ಕೇಂದ್ರದ ಆಪದಾ ಮಿತ್ರ ಯೋಜನೆಯ ತರಬೇತಿ 12 ದಿನದ್ದು, ಪುರುಸೊತ್ತು ಬೇಕು.

ಖಾಸಗಿಯವರೂ ಬೇಕಾದಷ್ಟಿದ್ದಾರೆ. ದುಡ್ಡು ಕಟ್ಟುವ ಮುಂಚೆ ಸರ್ಟಿಫಿಕೇಟಿನ ಬಗ್ಗೆ ಕೇಳಬೇಡಿ, ಒತ್ತಿ ಕಲಿಯುವ ಮನುಷ್ಯಾಕಾರದ ಬೊಂಬೆ ಎಷ್ಟಿವೆ ಅಂತ ಕೇಳಿ. ಹೃದಯ ನಿಂತವರಿಗೆ ಮಾಡುವ ಸಿಪಿಆರ್‌ನಲ್ಲಿ ಎದೆಯನ್ನು ಕನಿಷ್ಠ 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಆ ಸೋಲು ಗೊತ್ತಾಗಬೇಕಾದರೆ ನೀವೇ ಮೊಣಕಾಲೂರಿ ಒತ್ತಬೇಕು. ನಲವತ್ತು ಜನಕ್ಕೆ ಒಂದೇ ಬೊಂಬೆ ಇದ್ದರೆ ನಿಮ್ಮ ಪಾಲಿಗೆ ಬರುವುದು ಫೋಟೋ ಮಾತ್ರ.

ನಾನೂ ಮೊದಮೊದಲು ಸ್ಲೈಡ್ ತೋರಿಸಿಯೇ ಪಾಠ ಮುಗಿಸಿದವನು. ಒಂದು ಸಲ ಕೊನೆಯಲ್ಲಿ ಸುಮ್ಮನೆ, ಬೆಂಕಿ ನಂದಿಸುವ ಸಿಲಿಂಡರು ಕೊಟ್ಟು "ಪಿನ್ ತೆಗೀರಮ್ಮ" ಅಂದೆ. ಎಲ್ಲಕ್ಕೂ ಸರಿಯುತ್ತರ ಕೊಟ್ಟಿದ್ದ ಆ ಹೆಂಗಸು ಎಳೆದೇ ಎಳೆದರು, ಬರಲಿಲ್ಲ. ಗಾಬರಿಯಲ್ಲಿ ಹಿಡಿಯನ್ನು ಒತ್ತಿ ಹಿಡಿದಿದ್ದರು. ಹಾಗೆ ಒತ್ತಿದರೆ ಪಿನ್ ಕಚ್ಚಿಕೊಳ್ಳುತ್ತದೆ. ಇದು ನನ್ನ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಸಣ್ಣ ಸಿಲಿಂಡರು ಹತ್ತು-ಹದಿನೈದು ಸೆಕೆಂಡಿಗೆಲ್ಲ ಬರಿದಾಗುತ್ತದೆ. ಜ್ವಾಲೆಯ ತುದಿಗೆ ಹೊಡೆದರೆ ಅಷ್ಟೂ ವ್ಯರ್ಥ, ಬುಡಕ್ಕೆ ಹಿಡಿಯಬೇಕು. ಅಂದಿನಿಂದ ಪ್ರತಿ ತಂಡಕ್ಕೂ ಬಯಲಲ್ಲಿ ತಟ್ಟೆಯಲ್ಲಿ ಬೆಂಕಿ ಹಾಕಿ ಆರಿಸಲು ಹೇಳುತ್ತೇನೆ, ಕಣ್ಣಿಗೆ ಬಟ್ಟೆ ಕಟ್ಟಿ ಗೋಡೆ ತಡವುತ್ತ ಮೆಟ್ಟಿಲಿನ ತನಕ ತೆವಳಿಸುತ್ತೇನೆ. ಬಟ್ಟೆ ಕೊಳೆಯಾಗುತ್ತದೆಂದು ಗೊಣಗುವವರು ಇದ್ದೇ ಇರುತ್ತಾರೆ.

ಬೆಳ್ಳಂದೂರಿನ ಹುಡುಗನಿಗೆ ಕೋರ್ಸ್ ಹೇಳುವ ಮೊದಲು ಒಂದು ಮನೆಕೆಲಸ ಕೊಟ್ಟಿದ್ದೆ. ನಿಮ್ಮ ಬಾಗಿಲಿನಿಂದ ಮೆಟ್ಟಿಲಿಗೆ ಎಷ್ಟು ಹೆಜ್ಜೆ? "ಲಿಫ್ಟಷ್ಟೇ ಗೊತ್ತು ಸರ್" ಅಂದಿದ್ದರು. ನಿನ್ನೆ ರಾತ್ರಿ ಮೆಸೇಜ್ ಬಂತು: ಇಪ್ಪತ್ತೆರಡು ಹೆಜ್ಜೆ, ಮೆಟ್ಟಿಲಿನ ಬಾಗಿಲಿಗೆ ಅಡ್ಡ ಪಕ್ಕದ ಮನೆಯವರ ಚಪ್ಪಲಿ ಸ್ಟ್ಯಾಂಡು.