ಒಂದೇ ಗೆರೆಯನ್ನು ಎರಡು ಸಲ ಎಳೆದ ಕಾಲ

ಕರ್ನಾಟಕದ ನಕಾಶೆಯನ್ನು ವೆಬ್ ಪುಟದಲ್ಲಿ ಬಿಡಿಸಬೇಕು. ಜಿಲ್ಲೆಯ ಮೇಲೆ ಮೌಸ್ ಇಟ್ಟರೆ ಬಣ್ಣ ಬದಲಾಗಬೇಕು, ಒತ್ತಿದರೆ ವಿವರ ತೆರೆದುಕೊಳ್ಳಬೇಕು. ಇಂದು ಕಾಲೇಜು ವಿದ್ಯಾರ್ಥಿಯೊಬ್ಬಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಕೆಲಸ ಇದು. 2006ರಲ್ಲಿ ಇದಕ್ಕೆ ಕೈಹಾಕಿದವರು ಆಗಿದ್ದ 27 ಜಿಲ್ಲೆಗಳ ಗಡಿಯನ್ನೂ ಚಿತ್ರ ವಿವರಿಸುವ ಎರಡೆರಡು ಕಂಪ್ಯೂಟರ್ ಭಾಷೆಗಳಲ್ಲಿ ಬರೆಯಬೇಕಿತ್ತು: ಫೈರ್‌ಫಾಕ್ಸ್ ಮತ್ತು ಒಪೆರಾ ಬ್ರೌಸರ್‌ಗಳಿಗೆ ಎಸ್‌ವಿಜಿ, ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ವಿಎಂಎಲ್. ಕಂಪ್ಯೂಟರಿಗೆ ಗೆರೆ ಎಳೆಯಲು ಬಾರದೆ ಹೀಗಾದದ್ದಲ್ಲ. ಗೆರೆಯನ್ನು ಹೇಗೆ ಬರೆದುಕೊಡಬೇಕು ಎಂಬುದರಲ್ಲಿ ಕಂಪನಿಗಳು ಒಂದಾಗಲಿಲ್ಲ, ಅಷ್ಟೇ.

ಫೋಟೋ ಎಂದರೆ ಬಣ್ಣದ ಚುಕ್ಕೆಗಳ ರಾಶಿ, ಹಿಗ್ಗಿಸಿದರೆ ಮಸುಕಾಗುತ್ತದೆ. ವೆಕ್ಟರ್ ಚಿತ್ರದಲ್ಲಿ ಇರುವುದು ಚುಕ್ಕೆಗಳಲ್ಲ, ಸೂಚನೆಗಳು: ಇಲ್ಲಿಂದ ಹೊರಡು, ಅಲ್ಲಿಯವರೆಗೆ ಗೆರೆ ಎಳೆ, ಹೀಗೆ ಬಾಗು, ಮುಚ್ಚು. ಎಷ್ಟು ಹಿಗ್ಗಿಸಿದರೂ ಅಂಚು ಚೊಕ್ಕವಾಗಿರುತ್ತದೆ. ಸೂಚನೆಗಳು ಪಠ್ಯರೂಪದಲ್ಲಿ ಇರುವುದರಿಂದ, ಪುಟಕ್ಕೆ ಚಲನೆ ಕೊಡುವ ಭಾಷೆಯಾದ ಜಾವಾಸ್ಕ್ರಿಪ್ಟ್ ಅವುಗಳನ್ನು ಓದಬಹುದು, ಓದುಗರ ಕಣ್ಣೆದುರೇ ತಿದ್ದಬಹುದು.

1998ರಲ್ಲಿ ವೆಬ್ ಮಾನಕಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ ಮುಂದೆ ಸುಮಾರು ಒಂದು ತಿಂಗಳ ಅಂತರದಲ್ಲಿ ಎರಡು ಪ್ರಸ್ತಾವಗಳು ಬಂದವು. ಏಪ್ರಿಲ್‌ನಲ್ಲಿ ಅಡೋಬಿ, ಐಬಿಎಂ, ನೆಟ್‌ಸ್ಕೇಪ್ ಮತ್ತು ಸನ್ ಸೇರಿ ಪಿಜಿಎಂಎಲ್ ಎಂಬ ಚಿತ್ರಭಾಷೆಯನ್ನು ಮುಂದಿಟ್ಟವು. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್, ಮ್ಯಾಕ್ರೋಮೀಡಿಯಾ ಮುಂತಾದ ಕಂಪನಿಗಳಿಂದ ವಿಎಂಎಲ್ ಬಂತು. ಕನ್ಸಾರ್ಟಿಯಂ ಎರಡನ್ನೂ ಹಾಗೆಯೇ ಒಪ್ಪಿಕೊಳ್ಳದೆ ಎಸ್‌ವಿಜಿ ಎಂಬ ಹೊಸ ಭಾಷೆಯನ್ನು ಕಟ್ಟತೊಡಗಿತು. ಆ ಕೆಲಸ ಮುಗಿದು ಮೊದಲ ಆವೃತ್ತಿ ಅಂಗೀಕಾರವಾದದ್ದು 2001ರ ಸೆಪ್ಟೆಂಬರ್‌ನಲ್ಲಿ. ಮೈಕ್ರೋಸಾಫ್ಟ್ ಅಷ್ಟು ದಿನ ಕಾಯಲಿಲ್ಲ. 1999ರಲ್ಲೇ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಳಗೆ ವಿಎಂಎಲ್ ಸೇರಿಸಿ ಬಿಡುಗಡೆ ಮಾಡಿತು. ಮುಂದಿನ ಹನ್ನೆರಡು ವರ್ಷಗಳ ಪಾಡಿಗೆ ಬೀಜ ಬಿದ್ದದ್ದು ಇಲ್ಲಿ ಎಂದು ನಾನು ನಂಬುತ್ತೇನೆ.

ಮಾನಕ ಸಿದ್ಧವಾಯಿತು, ಅದನ್ನು ತೋರಿಸುವ ಬ್ರೌಸರ್ ಇರಲಿಲ್ಲ. ಅಡೋಬಿ ಕೊಟ್ಟ ಪ್ಲಗಿನ್ (ಬ್ರೌಸರ್‌ಗೆ ಜೋಡಿಸುವ ಪುಟ್ಟ ತಂತ್ರಾಂಶ) ಅನ್ನು ಜನ ತಾವೇ ಇಳಿಸಿಕೊಳ್ಳಬೇಕಿತ್ತು. ಚಲಿಸುವ ಚಿತ್ರ ತೋರಿಸುವ ಇನ್ನೊಂದು ಪ್ಲಗಿನ್ ಆದ ಫ್ಲಾಶ್ ಮಾತ್ರ ಆಗಲೇ ಬಹುತೇಕ ಎಲ್ಲ ಕಂಪ್ಯೂಟರ್‌ಗಳಲ್ಲೂ ಇತ್ತು. ಹಾಗಾಗಿ ಚಲಿಸುವ ನಕಾಶೆ, ಗ್ರಾಫ್, ಆಟಗಳೆಲ್ಲ ಫ್ಲಾಶ್‌ನೊಳಗೆ ಹೋಗಿ ಕುಳಿತವು. ಫ್ಲಾಶ್ ಮಾಡಿದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಕಡತದೊಳಗೆ ಏನಿದೆ ಎಂದು ಪುಟದ ಮೂಲ ತೆರೆದು ನೋಡಿ ಕಲಿಯುವ ದಾರಿ ಇರಲಿಲ್ಲ, ವೆಬ್ ಕಲಿತವರಲ್ಲಿ ಬಹಳ ಮಂದಿ ಕಲಿತದ್ದೇ ಹಾಗೆ.

2005ರಲ್ಲಿ ಚಿತ್ರ ಬದಲಾಗತೊಡಗಿತು. ಒಪೆರಾ 8 ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 1.5 ನವೆಂಬರ್‌ನಲ್ಲಿ, ಪ್ಲಗಿನ್‌ನ ಹಂಗಿಲ್ಲದೆ ಎಸ್‌ವಿಜಿ ತೋರಿಸಿದವು. ಆಪಲ್ ತನ್ನ ಡ್ಯಾಶ್‌ಬೋರ್ಡ್ ಎಂಬ ತಂತ್ರಾಂಶಕ್ಕಾಗಿ ರೂಪಿಸಿದ ಕ್ಯಾನ್ವಾಸ್ (ಸ್ಕ್ರಿಪ್ಟ್‌ನ ಸೂಚನೆಯಂತೆ ಚುಕ್ಕೆಗಳಲ್ಲಿ ಚಿತ್ರ ಬಿಡಿಸುವ ಹಾಳೆ) ಕೂಡ ಫೈರ್‌ಫಾಕ್ಸ್‌ಗೆ ಬಂತು. ಹೆಚ್ಚಿನ ಜನ ಬಳಸುತ್ತಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇವೆರಡೂ ತಿಳಿಯವು. 2006ರ ಏಳನೆಯ ಆವೃತ್ತಿಯಲ್ಲೂ ಇಲ್ಲ, 2009ರ ಎಂಟನೆಯದರಲ್ಲೂ ಇಲ್ಲ. ಸಾಲದ್ದಕ್ಕೆ, ಪುಟದೊಳಗೇ ಎಸ್‌ವಿಜಿ ಬರೆಯಬೇಕಾದರೆ ಆಗ ಪುಟವನ್ನು ಎಕ್ಸ್‌ಎಚ್‌ಟಿಎಂಎಲ್ (ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ನ ಕಟ್ಟುನಿಟ್ಟಿನ ರೂಪ) ಎಂದು ಘೋಷಿಸಿ ಕಳುಹಿಸಬೇಕಿತ್ತು. ಅಂಥ ಪುಟ ಬಂದರೆ ಎಕ್ಸ್‌ಪ್ಲೋರರ್ ಅದನ್ನು ತೋರಿಸದೆ, ಡೌನ್‌ಲೋಡ್ ಮಾಡಲೇ ಎಂದು ಕೇಳುತ್ತಿತ್ತು.

ಎರಡು ಭಾಷೆಗಳ ನಡುವಿನ ಅಂತರ ಎಂಥದು ಎಂದು ತಿಳಿಯಲು ಒಂದು ವೃತ್ತ ಸಾಕು. ಎಸ್‌ವಿಜಿಯಲ್ಲಿ ಹೇಳುವುದು ಹೀಗೆ: ಕೇಂದ್ರ ಎಡದಿಂದ 50, ಮೇಲಿನಿಂದ 50, ತ್ರಿಜ್ಯ 40. ವಿಎಂಎಲ್‌ನಲ್ಲಿ ಕೇಂದ್ರದ ಮಾತೇ ಇಲ್ಲ: ಎಡದಿಂದ 10, ಮೇಲಿನಿಂದ 10 ಬಿಟ್ಟು, 80 ಅಗಲ, 80 ಎತ್ತರದ ಅಂಡಾಕಾರ ಇಡು. ತೆರೆಯ ಮೇಲೆ ಮೂಡುವುದು ಒಂದೇ ವೃತ್ತ. ಇದಾದರೂ ಸುಲಭದ ಲೆಕ್ಕ. ವಿಎಂಎಲ್‌ನ ಪಥಗಳು, ಅಂದರೆ ಬಿಂದುವಿನಿಂದ ಬಿಂದುವಿಗೆ ಎಳೆದ ಗೆರೆಗಳು, ಪೂರ್ಣಾಂಕಗಳನ್ನಷ್ಟೇ ಒಪ್ಪುತ್ತಿದ್ದುದು ದೊಡ್ಡ ತಲೆನೋವು. ಗಡಿಯ ಒಂದು ಬಿಂದು 12.4ರಲ್ಲಿದ್ದರೆ ಅದು 12 ಆಗಬೇಕು. ನೂರಾರು ಬಿಂದುಗಳು ಹೀಗೆ ಅತ್ತಿತ್ತ ಸರಿದರೆ ನದಿಯ ಬಾಗು ಮೆಟ್ಟಿಲಿನಂತೆ ಕಾಣುತ್ತದೆ.

ಗೂಗಲ್ 2006ರಲ್ಲಿ ಹೊರತಂದ ಎಕ್ಸ್‌ಪ್ಲೋರರ್‌ಕ್ಯಾನ್ವಾಸ್ ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಂದಿಗೂ ಅಚ್ಚುಮೆಚ್ಚು. ಕ್ಯಾನ್ವಾಸ್‌ಗೆ ಬರೆದ ಸೂಚನೆಗಳನ್ನು ಒಳಗೊಳಗೇ ವಿಎಂಎಲ್‌ಗೆ ತಿರುಗಿಸುತ್ತಿದ್ದ ಪುಟ್ಟ ಕಡತ ಅದು. ಪ್ರತಿ ಸಂಖ್ಯೆಯನ್ನೂ ಹತ್ತರಿಂದ ಗುಣಿಸಿ, ಹಾಳೆಯ ಅಳತೆಯೂ ಹತ್ತು ಪಟ್ಟು ಎಂದು ಎಕ್ಸ್‌ಪ್ಲೋರರ್‌ಗೆ ಹೇಳುತ್ತಿತ್ತು. 12.4 ಈಗ 124 ಎಂಬ ಪೂರ್ಣಾಂಕ. ತೆರೆಯ ಮೇಲಿನ ಅಳತೆ ಬದಲಾಗದು, ಬಾಗು ಬಾಗಾಗಿಯೇ ಉಳಿಯಿತು. 2008ರಲ್ಲಿ ಡಿಮಿಟ್ರಿ ಬರನೋವ್‌ಸ್ಕಿ ಬರೆದ ರಫೇಲ್ ಗ್ರಂಥಾಲಯ (ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಕೋಡ್‌ನ ಕಟ್ಟು) ಇನ್ನೂ ಮುಂದೆ ಹೋಯಿತು: ನೀವು ವೃತ್ತ ಎಂದು ಒಮ್ಮೆ ಹೇಳಿದರೆ ಸಾಕು, ಎದುರಿಗಿರುವ ಬ್ರೌಸರ್ ಯಾವುದೆಂದು ನೋಡಿ ಎಸ್‌ವಿಜಿಯನ್ನೋ ವಿಎಂಎಲ್ ಅನ್ನೋ ಅದೇ ಬರೆಯುತ್ತಿತ್ತು. ದೊಡ್ಡವರ ಜಗಳದ ಭಾರವನ್ನು ಹೊತ್ತದ್ದು ಇಂಥ ಪುಟ್ಟ ಗ್ರಂಥಾಲಯಗಳು. ಆ ಋಣವನ್ನು ನೆನೆಯುವವರು ಕಡಿಮೆ ಎಂಬುದು ನನ್ನ ಬೇಸರ.

2010ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಎಸ್‌ವಿಜಿ ಕಾರ್ಯತಂಡವನ್ನು ಸೇರಿತು. 2011ರ ಮಾರ್ಚ್‌ನಲ್ಲಿ ಬಂದ ಎಕ್ಸ್‌ಪ್ಲೋರರ್ 9 ಎಸ್‌ವಿಜಿ, ಕ್ಯಾನ್ವಾಸ್ ಎರಡನ್ನೂ ಅರಿತಿತ್ತು. ಎಚ್‌ಟಿಎಂಎಲ್5 ಬಂದ ಮೇಲೆ ಸಾಮಾನ್ಯ ಪುಟದೊಳಗೇ ಎಸ್‌ವಿಜಿ ಬರೆಯುವುದು ಸಾಧ್ಯವಾಯಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನಿಂದ ಬಂದ ಡಿ3 ಗ್ರಂಥಾಲಯ ವಿಎಂಎಲ್‌ನ ಗೊಡವೆಗೇ ಹೋಗಲಿಲ್ಲ. ಆಂಡ್ರಾಯ್ಡ್ 2ರ ಬ್ರೌಸರ್‌ಗೆ ಎಸ್‌ವಿಜಿ ಬಾರದೆ ಮತ್ತಷ್ಟು ಕಾಲ ತೊಡಕಾಯಿತು. ಫ್ಲಾಶ್ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು.

ಬ್ರೌಸರ್‌ಗಳೆಲ್ಲ ಒಂದಾದ ಮೇಲೂ ಹೊಸಬರನ್ನು ಎಡವಿಸುವ ಹಳೆಯ ಕಲ್ಲೊಂದು ಉಳಿದಿದೆ. ಜಾವಾಸ್ಕ್ರಿಪ್ಟ್‌ನಿಂದ ವೃತ್ತ ಸೃಷ್ಟಿಸುವಾಗ ಸಾಮಾನ್ಯ ‘ಕ್ರಿಯೇಟ್‌ಎಲಿಮೆಂಟ್’ ಬಳಸಿದರೆ ತೆರೆಯ ಮೇಲೆ ಏನೂ ಮೂಡುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ. ಹುಟ್ಟಿದ್ದು ವೃತ್ತ ಎಂಬ ಹೆಸರಿನ, ಬ್ರೌಸರ್‌ಗೆ ಅರ್ಥವಾಗದ ಎಚ್‌ಟಿಎಂಎಲ್ ಅಂಶ. ಹೆಸರಿನ ಕೊನೆಗೆ ‘ಎನ್‌ಎಸ್’ ಸೇರಿದ ಇನ್ನೊಂದು ಆದೇಶವನ್ನು ಬಳಸಿ, ಇದು ಎಸ್‌ವಿಜಿ ಕುಲದ ವೃತ್ತ ಎಂದು ಹೇಳಬೇಕು. ಎಸ್‌ವಿಜಿ ಹುಟ್ಟಿದ್ದು ಎಕ್ಸ್‌ಎಂಎಲ್ ಎಂಬ ಕಟ್ಟುನಿಟ್ಟಿನ ಗುರುತುಭಾಷೆಯ ಮನೆಯಲ್ಲಿ ಎಂಬುದರ ಗುರುತು ಅದು.

ಕನ್ನಡಿಗರಿಗೆ ಈ ಕಥೆಯಲ್ಲಿ ಸ್ವಂತದ್ದೊಂದು ಪಾಲಿದೆ. ಕ್ಯಾನ್ವಾಸ್‌ನಲ್ಲಿ ‘ಶಿವಮೊಗ್ಗ’ ಎಂದು ಬರೆದ ಮರುಕ್ಷಣ ಅದು ಬರಿಯ ಚುಕ್ಕೆಗಳು. ಹುಡುಕಲಾಗದು, ನಕಲಿಸಲಾಗದು, ಕಣ್ಣು ಕಾಣದವರಿಗೆ ಪರದೆ ಓದುವ ತಂತ್ರಾಂಶವೂ ಅದನ್ನು ಓದಲಾರದು. ಎಸ್‌ವಿಜಿಯಲ್ಲಿ ಅದು ಪದವಾಗಿಯೇ ಇರುತ್ತದೆ. ಆದರೆ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟು ಬರೆದ ಸ್ಕ್ರಿಪ್ಟ್‌ಗಳು ಪದವನ್ನು ಸಂಕೇತಕ್ಕೊಂದು ತುಂಡಿನಂತೆ ಕತ್ತರಿಸಿ, ಒಂದೊಂದಾಗಿ ಜೋಡಿಸಲು ಹೋಗುತ್ತವೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಆರು ಸಂಕೇತ. ಹಾಗೆ ಕತ್ತರಿಸಿದಾಗ ಒತ್ತಕ್ಷರಗಳು ಕಳಚಿಕೊಂಡು ಬೀಳುತ್ತವೆ. ಇದಕ್ಕೆ ಹೆದರಿ ಕನ್ನಡದ ಹೆಸರುಗಳನ್ನೆಲ್ಲ ಗೆರೆಗಳಾಗಿ ಪರಿವರ್ತಿಸಿ ಸೇರಿಸುವವರಿದ್ದಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಪದ ಅಲ್ಲಿಗೆ ಸತ್ತಂತೆ. ದಯವಿಟ್ಟು ಹಾಗೆ ಮಾಡಬೇಡಿ.

ಎಸ್‌ವಿಜಿಯಲ್ಲಿ ‘ಸ್ವಿಚ್’ ಎಂಬ ಅಂಶವಿದೆ. ಒಂದೇ ಚಿತ್ರದೊಳಗೆ ಒಂದೊಂದು ಹೆಸರನ್ನೂ ಹಲವು ಭಾಷೆಗಳಲ್ಲಿ ಬರೆದಿಡಬಹುದು. ಓದುಗರು ಬ್ರೌಸರ್‌ನಲ್ಲಿ ಕನ್ನಡವನ್ನು ಆಯ್ದುಕೊಂಡಿದ್ದರೆ ಕನ್ನಡದ ಸಾಲೇ ಮೂಡುತ್ತದೆ. ವಿಕಿಪೀಡಿಯಕ್ಕೆ ಚಿತ್ರಗಳನ್ನು ಒದಗಿಸುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಎಸ್‌ವಿಜಿ ಚಿತ್ರಗಳಿಗೂ ಹೀಗೆ ಅನುವಾದ ಸೇರಿಸಬಹುದು. ಹೃದಯದ ಕವಾಟ, ಜಲಚಕ್ರ, ಜ್ವಾಲಾಮುಖಿಯ ಸೀಳುನೋಟದಂಥ ಚಿತ್ರಗಳಲ್ಲಿ ಗೆರೆಗಳನ್ನು ಮತ್ತೆ ಎಳೆಯಬೇಕಿಲ್ಲ, ಕನ್ನಡದ ಹೆಸರುಗಳನ್ನು ಬರೆದರೆ ಸಾಕು.