ಗಾಳಿ ಮರಳುವ ದಾರಿ ಎಲ್ಲಿ?

"ಇನ್ನೂ ದೊಡ್ಡ ಎ.ಸಿ. ಹಾಕಿಸಿಬಿಡಲೇ?" ಚಿಕ್ಕ ಕ್ಯಾಬಿನ್ ದೋಣಿ ಇಟ್ಟುಕೊಂಡವರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಇದೇ. ದೋಣಿ ನೋಡದೆ ಹೌದು, ಇಲ್ಲ ಎನ್ನಲಾರೆ. ಆದರೆ ಹೋಗಿ ನೋಡಿದಾಗಲೆಲ್ಲ ಹೆಚ್ಚಾಗಿ ಕಂಡದ್ದು ಯಂತ್ರದ ಮೂಗು ಕಟ್ಟಿರುವುದನ್ನೇ.

ಫಿಲ್ಟರ್ ತೊಳೆಯುವುದು, ಯಂತ್ರಕ್ಕೆ ಹೋಗುವ ನೀರನ್ನು ಸೋಸುವ ಸ್ಟ್ರೈನರ್ ಶುಚಿ ಮಾಡುವುದು ನಿಮಗೆ ಗೊತ್ತೆಂದುಕೊಳ್ಳುತ್ತೇನೆ. ಗೊತ್ತಿಲ್ಲದಿರುವುದು ಇದು: ಎ.ಸಿ. ಗಾಳಿಯನ್ನು ಹುಟ್ಟಿಸುವುದಿಲ್ಲ. ಕ್ಯಾಬಿನ್ನಿನ ಗಾಳಿಯನ್ನೇ ಎಳೆದುಕೊಂಡು, ಅದರ ಶಾಖವನ್ನೂ ತೇವವನ್ನೂ ಕಳೆದು, ಮತ್ತೆ ಊದುತ್ತದೆ. ಎಳೆದುಕೊಂಡಷ್ಟನ್ನೇ ಊದಬಲ್ಲದು. ಬಂದ ದಾರಿಗೆ ಸುಂಕವಿಲ್ಲ ಎನ್ನುತ್ತೇವೆ. ದೋಣಿಯಲ್ಲಿ ಗಾಳಿಗೆ ಸುಂಕ ಬೀಳುವುದೆಲ್ಲ ಮರಳುವ ದಾರಿಯಲ್ಲೇ. ಆದರೂ ಎಲ್ಲರೂ ತಣ್ಣನೆಯ ಗಾಳಿ ಬರುವ ಕಿಂಡಿಗೆ ಕೈಯೊಡ್ಡಿ ಪರೀಕ್ಷಿಸುತ್ತಾರೆ, ಗಾಳಿ ಒಳಹೋಗುವ ಜಾಲರಿಯತ್ತ ಒಬ್ಬರೂ ಬಗ್ಗಿ ನೋಡುವುದಿಲ್ಲ.

ಒಬ್ಬರ ದೋಣಿ ರಾತ್ರಿ ಹತ್ತಕ್ಕೆ ತಣ್ಣಗಿರುತ್ತಿತ್ತು, ಎರಡರ ಹೊತ್ತಿಗೆ ಬೆವರು. ಪಾಪ, ಎರಡು ಸಲ ಗ್ಯಾಸ್ ತುಂಬಿಸಿದ್ದರು. ಮಂಚದ ಹಲಗೆ ಎತ್ತಿದೆ. ಜಾಲರಿಗೆ ಒತ್ತಿಕೊಂಡು ಆರು ಲೈಫ್ ಜಾಕೆಟ್, ಮೇಲೊಂದು ಒದ್ದೆ ಹಗ್ಗದ ಸಿಂಬಿ. ಹಿಂದೆ ಬೆಳ್ಳಗೆ ಮಂಜುಗಟ್ಟಿದ ಕಾಯಿಲ್, ಅಂದರೆ ಗಾಳಿಯನ್ನು ತಣ್ಣಗಾಗಿಸುವ ಕೊಳವೆ ಸುರುಳಿ. ಗಾಳಿ ಕಡಿಮೆಯಾದರೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು ತೇವ ಅದರ ಮೇಲೇ ಹೆಪ್ಪುಗಟ್ಟುತ್ತದೆ. ಆ ಮಂಜು ಉಳಿದ ಗಾಳಿಯನ್ನೂ ತಡೆಯುತ್ತದೆ, ಮಂಜು ಇನ್ನೂ ಬೆಳೆಯುತ್ತದೆ. ಜಾಕೆಟ್ ತೆಗೆದು, ಬರೀ ಫ್ಯಾನ್ ಓಡಿಸಿ ಕರಗಿಸಿದೆ. "ಇಷ್ಟೇ ತಾನೆ?" ಎಂದರು, ತುಸು ನಿರಾಸೆಯಿಂದಲೇ.

ಜಾಲರಿ ತೆರವಾಗಿದ್ದರೂ ಸಾಲದು. ಗಾಳಿ ಮುಂದಿನ ಕೋಣೆಗೆ ಬಂದು ಎಳೆಯುವ ಜಾಲರಿ ಹೊರಗಿದ್ದರೆ, ಬಾಗಿಲು ಮುಚ್ಚಿದೊಡನೆ ದಾರಿಯೂ ಮುಚ್ಚಿತು. ಬಾಗಿಲ ಬುಡದಲ್ಲಿ ಸಂದು ಬಿಡಿ, ಇಲ್ಲವೇ ಜಾಲರಿ ಕೂರಿಸಿ. ತಣ್ಣನೆಯ ಗಾಳಿ ಮೇಲಿನಿಂದ ಬರಲಿ, ಎಳೆಯುವುದು ಕೆಳಗಿರಲಿ, ಎರಡೂ ಮುಖಾಮುಖಿಯಾಗದಿರಲಿ. ಎದುರುಬದುರಾದರೆ ಊದಿದ್ದನ್ನೇ ಯಂತ್ರ ನುಂಗುತ್ತದೆ. ತಾಪಮಾನ ಅಳೆಯುವ ಸೆನ್ಸರ್ ಎಷ್ಟೋ ಯಂತ್ರಗಳಲ್ಲಿ ಗಾಳಿ ಎಳೆಯುವ ಕಡೆಯೇ ಇರುವುದರಿಂದ, ಕೋಣೆ ತಂಪಾಯಿತೆಂದು ನಂಬಿ ನಿಂತುಬಿಡುತ್ತದೆ. ನೀವು ಬೆವರುತ್ತಿರುತ್ತೀರಿ.

ಗಾಳಿ ಸಾಗಿಸುವ ಕೊಳವೆ, ಅಂದರೆ ಡಕ್ಟ್ ಬಗ್ಗೆ ಒಂದೇ ಮಾತು. 6 ಇಂಚಿನದು ಬೇಕಾದಲ್ಲಿ 4 ಇಂಚಿನದು ಹಾಕಿದರೆ ಬಾಯಿ ಅರ್ಧಕ್ಕಿಂತ ಕಿರಿದಾಗುತ್ತದೆ. ಬಳುಕುವ ಡಕ್ಟನ್ನು ಬಿಗಿಯಾಗಿ ಎಳೆದು ಕಟ್ಟಿ, ಹೆಚ್ಚಿದ್ದನ್ನು ಕತ್ತರಿಸಿ. ಜೋತುಬಿದ್ದ ಕರುಳಿನಂತೆ ಸುತ್ತಿಡಬೇಡಿ.

ಇದನ್ನೋದಿ ಯಾರಾದರೂ ಗರಗಸ ಹಿಡಿದಾರೆಂಬ ಭಯವೂ ನನಗಿದೆ. ಎಂಜಿನ್ ಕೋಣೆಯಿಂದಾಗಲಿ ದೋಣಿಯ ತಳದಿಂದಾಗಲಿ ಗಾಳಿ ಎಳೆಯುವ ಹಾಗೆ ರಂಧ್ರ ಕೊರೆಯಬೇಡಿ. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಕ್ಯಾಬಿನ್ನಿನಲ್ಲಿ ಅದರ ಅಲಾರಂ ಇರಲೇಬೇಕು.

ಆ ಜಾಕೆಟ್‌ಗಳ ಮಾಲೀಕರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ತಂಪು ಚೆನ್ನಾಗಿದೆಯಂತೆ, ಜಾಕೆಟ್ ಎಲ್ಲಿಡಲಿ ಎಂದು ಕೇಳಿದರು. ಥಟ್ಟನೆ ಕೈಗೆ ಸಿಗುವ ಕಡೆ ಇಡಿ, ಮಂಚದ ಹಲಗೆಯಡಿ ಅವು ಮೊದಲೇ ಇರಬಾರದಿತ್ತು ಎಂದೆ.