ಅಲ್ಪಾಕಾ: ಉಣ್ಣೆ ಬಿಟ್ಟು ಮರಿ ಮಾರಿದ ಕಥೆ

ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್ ಮೇಲೆ, ಬೆಳೆ ಕೈಗೆ ಹತ್ತುವುದು ಬಲು ಕಷ್ಟ. ಅಲ್ಲಿನ ಕುಟುಂಬಗಳನ್ನು ಪೊರೆಯುವುದು ಅಲ್ಪಾಕಾ. ಒಂಟೆಯ ಬಳಗದ್ದೇ ಆದರೂ ಇದಕ್ಕೆ ಡುಬ್ಬವಿಲ್ಲ. ವಿಕುನ್ಯಾ ಎಂಬ ಕಾಡುಪ್ರಾಣಿಯನ್ನು ಸುಮಾರು 6,000 ವರ್ಷಗಳ ಹಿಂದೆ ಪಳಗಿಸಿದ್ದರಿಂದ ಹುಟ್ಟಿದ ತಳಿ ಇದು ಎಂಬುದನ್ನು 2001ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಇದರ ರಕ್ತದ ಹಿಮೋಗ್ಲೋಬಿನ್ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಗಾಲು ಮೆತ್ತಗಿರುವುದರಿಂದ ಹುಲ್ಲುನೆಲ ಕಿತ್ತುಹೋಗುವುದೂ ಕಡಿಮೆ.

1980ರ ದಶಕದಲ್ಲಿ ಅಲ್ಪಾಕಾ ಅಮೆರಿಕಕ್ಕೆ ಬಂತು. ನಿವೃತ್ತರು, ನಾಲ್ಕೆಕರೆ ಹುಲ್ಲುಗಾವಲು ಇದ್ದವರು ಸಾಕಲು ಮುಂದಾದರು. ಒಂದೊಂದು ತಳಿ ಹೆಣ್ಣು ಹತ್ತಾರು ಸಾವಿರ ಡಾಲರಿಗೆ ಮಾರಾಟವಾಯಿತು. ಆದರೆ ವರ್ಷಕ್ಕೊಮ್ಮೆ ಕತ್ತರಿಸಿದರೆ ಸಿಗುವ ಉಣ್ಣೆ ಎರಡು-ಮೂರು ಕಿಲೋ ಅಷ್ಟೆ. ಆ ಉಣ್ಣೆಯಿಂದ ಇಂಥ ಬೆಲೆ ಹುಟ್ಟಲು ಸಾಧ್ಯವೇ ಇರಲಿಲ್ಲ. ಕೊಳ್ಳುತ್ತಿದ್ದವರೆಲ್ಲ ಮುಂದೆ ಮರಿ ಮಾರುವ ಆಸೆಯವರೇ.

ಈ ಆಸೆಗೆ ಪ್ರಾಣಿಯ ಜೀವಶಾಸ್ತ್ರವೇ ನೀರೆರೆಯಿತು ಎಂಬುದು ನನ್ನ ಅನಿಸಿಕೆ. ಅಲ್ಪಾಕಾ ಗಬ್ಬ ಹೊರುವುದು ಹನ್ನೊಂದೂವರೆ ತಿಂಗಳು, ಈಯುವುದು ಒಂದೇ ಮರಿ, ಅವಳಿ ತೀರಾ ಅಪರೂಪ. ಜೊತೆಗೆ 1998ರಲ್ಲಿ ಅಮೆರಿಕದ ತಳಿ ನೋಂದಣಿ ಸಂಸ್ಥೆ ಹೊರದೇಶದ ಪ್ರಾಣಿಗಳಿಗೆ ಬಾಗಿಲು ಮುಚ್ಚಿತು. ಮಂದೆ ಬೇಗ ಹಿಗ್ಗದ ಕಾರಣ ಕೊರತೆ ವರ್ಷಗಟ್ಟಲೆ ಉಳಿಯಿತು. ಕೊರತೆಯನ್ನೇ ಜನ ಬೇಡಿಕೆಯೆಂದು ನಂಬಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಕೃಷಿ ಅರ್ಥಶಾಸ್ತ್ರಜ್ಞರು ಇದು ನಿಜವಾದ ಮೌಲ್ಯವಿಲ್ಲದೆ ಉಬ್ಬಿದ ಬೆಲೆಯ ಗುಳ್ಳೆಯೆಂದು ಲೆಕ್ಕ ಹಾಕಿ ಎಚ್ಚರಿಸಿದ್ದರು. 2008ರ ಆರ್ಥಿಕ ಕುಸಿತದ ನಂತರ ಬೆಲೆ ನೆಲಕಚ್ಚಿತು. ಎಷ್ಟೋ ಪ್ರಾಣಿಗಳನ್ನು ಪುಕ್ಕಟೆಯಾಗಿ ಕೊಟ್ಟರು. ನಮ್ಮ ದಕ್ಷಿಣದಲ್ಲಿ ಎಮು ಸಾಕಿ ಕೈ ಸುಟ್ಟುಕೊಂಡ ರೈತರಿಗೆ ಈ ನೋವು ಹೊಸದಲ್ಲ.

ಇಷ್ಟಾದರೂ ಉಣ್ಣೆಯ ಗುಣ ಸುಳ್ಳಲ್ಲ. ಎಳೆಯ ದಪ್ಪ 30 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಾಟಿದರೆ ಅದರ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ನಮ್ಮ ಕುರಿ ಕಂಬಳಿ ಬರಿಮೈಗೆ ಚುಚ್ಚುವುದು ಇದರಿಂದಲೇ. ಒಳ್ಳೆಯ ಅಲ್ಪಾಕಾ ಎಳೆ 20ರ ಆಸುಪಾಸಿನದು. ಆದರೆ ವಯಸ್ಸಾದಂತೆ ಎಳೆ ದಪ್ಪವಾಗುತ್ತದೆ. ಒಂದೇ ಪ್ರಾಣಿಯಲ್ಲೂ ಬೆನ್ನು-ಪಕ್ಕೆಯದು ನಯ, ಕಾಲಿನದು ಒರಟು. ಗಿರಣಿಗೆ ಬೇಕಾದದ್ದು ಒಂದೇ ನಯದ ರಾಶಿ. ಚದುರಿದ ಹತ್ತು-ಹದಿನೈದು ಪ್ರಾಣಿಗಳ ಮಂದೆಗಳು ಅದನ್ನು ಒದಗಿಸಲಾರದೆ ಹೋದವು.

ಪೆರುವಿನ ಅರೆಕಿಪಾ ನಗರದಲ್ಲಿ ಒಂದೇ ನಯದ ಉಣ್ಣೆ ಬೇರ್ಪಡಿಸುವ ಆ ಕೆಲಸ ಇಂದಿಗೂ ನಡೆಯುತ್ತಿದೆ. ಅನುಭವಿ ಹೆಂಗಸರು ಉಣ್ಣೆಯ ರಾಶಿಯ ಮುಂದೆ ನಿಂತು, ಬೆರಳಲ್ಲಿ ಮುಟ್ಟಿಯೇ ನಯ-ಒರಟು ಬೇರ್ಪಡಿಸುತ್ತಾರೆ.